ಸಿಂಪಲ್‌ಲಾಗಿನ್ ಬಳಸಿ ಮೂರು ವರ್ಷ: ನನ್ನ ವಿಳಾಸ ಹಂಚಿದವರು ಯಾರು ಅಂತ ಈಗ ಗೊತ್ತಾಗುತ್ತದೆ

ಮೊದಲು ನನ್ನ ವ್ಯಾಪಾರಕ್ಕೆಲ್ಲ ಇದ್ದದ್ದು ಒಂದೇ ಇಮೇಲ್ ವಿಳಾಸ. ಸರಕು ಕೊಡುವವರಿಗೂ ಅದೇ, ಗಿರಾಕಿಗಳಿಗೂ ಅದೇ, ಬ್ಯಾಂಕಿಗೂ ಅದೇ. ಬಿಲ್ಲಿಂಗ್ ಸಾಫ್ಟ್‌ವೇರ್ ಸುಮ್ನೆ ನೋಡೋಣ ಅಂತ ಟ್ರಯಲ್ ತಗೊಂಡಾಗಲೂ ಅದನ್ನೇ ಕೊಟ್ಟಿದ್ದೆ. ಆಮೇಲೆ ಸಾಲ ಬೇಕಾ ಅಂತ ಕೇಳುವ ಮೇಲ್‌ಗಳು ಶುರುವಾದವು. ವಿಳಾಸ ಕೊಟ್ಟವರು ಯಾರು? ತಿಳಿಯಲು ದಾರಿಯೇ ಇರಲಿಲ್ಲ. ವಿಳಾಸ ಬದಲಾಯಿಸೋಣ ಅಂದರೆ ಹಳೇ ಗಿರಾಕಿಗಳಿಗೆ ಗೊತ್ತಿರುವುದು ಅದೊಂದೇ.

ಸಿಂಪಲ್‌ಲಾಗಿನ್ ಮಾಡುವ ಕೆಲಸ ಸರಳ. ಒಬ್ಬೊಬ್ಬರಿಗೂ ಬೇರೆ ಬೇರೆ ವಿಳಾಸ ಮಾಡಿ ಕೊಡಬಹುದು. ಇದಕ್ಕೆ ಅಲಿಯಾಸ್ ಅಂತಾರೆ. ಎಲ್ಲಕ್ಕೂ ಬರುವ ಮೇಲ್ ನನ್ನ ಅದೇ ಹಳೇ ಇನ್‌ಬಾಕ್ಸಿಗೆ ಬರುತ್ತದೆ, ನನ್ನ ನಿಜವಾದ ವಿಳಾಸ ಮಾತ್ರ ಯಾರಿಗೂ ಕಾಣುವುದಿಲ್ಲ. ಉಚಿತ ಖಾತೆಯಲ್ಲಿ 10 ಅಲಿಯಾಸ್ ಸಿಗುತ್ತವೆ. ನನಗೆ ಅವು ಬೇಗ ಮುಗಿದುಹೋದವು, ಹಣ ಕಟ್ಟುವ ಪ್ಲಾನ್‌ಗೆ ಬಂದೆ. 2022ರಿಂದ ಇದು ಪ್ರೋಟಾನ್ ಮೇಲ್ ಎಂಬ ಇಮೇಲ್ ಸೇವೆ ನಡೆಸುವ ಪ್ರೋಟಾನ್ ಕಂಪನಿಯ ಕೈಯಲ್ಲಿದೆ. ಕೋಡ್ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆರೆದು ನೋಡಬಹುದು.

ಇದರ ಉಪಯೋಗ ನನಗೆ ಅರ್ಥವಾದದ್ದು ಎರಡನೇ ವರ್ಷ. ಒಂದು ವ್ಯಾಪಾರ ಮೇಳದ ನೋಂದಣಿಗೆ ಅಂತಲೇ ಮಾಡಿದ್ದ ಅಲಿಯಾಸ್‌ಗೆ, ನಾನು ಹೆಸರೇ ಕೇಳದ ಕಂಪನಿಯೊಂದರಿಂದ ಮೇಲ್ ಬಂತು. ಆ ವಿಳಾಸವನ್ನು ಬೇರೆ ಎಲ್ಲೂ ಕೊಟ್ಟಿರಲಿಲ್ಲ. ಮೇಳದವರಿಗೆ ಆ ಮೇಲ್ ಕಳಿಸಿ ಕೇಳಿದೆ. ವಿವರಗಳನ್ನು ಪಾಲುದಾರರಿಗೆ ಕೊಟ್ಟಿದ್ದೇವೆ ಅಂತ ಒಪ್ಪಿಕೊಂಡರು. ಅಳಿಸಿ ಅಂತ ಬರೆದೆ, ಆ ಅಲಿಯಾಸನ್ನು ಅಲ್ಲೇ ಆಫ್ ಮಾಡಿದೆ. ಬೇರೆ ಯಾವ ಗಿರಾಕಿಗೂ ಏನೂ ವ್ಯತ್ಯಾಸವಾಗಲಿಲ್ಲ. ಇಷ್ಟು ವರ್ಷ ಬರೀ ಅನುಮಾನದಲ್ಲಿದ್ದವನಿಗೆ ಅವತ್ತು ನಿಜಕ್ಕೂ ಧೈರ್ಯ ಬಂತು.

ಸ್ವಂತ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಇದ್ದರೆ ಅದನ್ನು ಇದಕ್ಕೆ ತಪ್ಪದೆ ಜೋಡಿಸಿ, ಇದನ್ನು ಒತ್ತಿ ಹೇಳುತ್ತೇನೆ. ಸಿಂಪಲ್‌ಲಾಗಿನ್‌ನವರ ಡೊಮೇನಿನ ಅಲಿಯಾಸ್ ಕೊಟ್ಟರೆ ನಾಳೆ ಸೇವೆ ಬಿಡುವಾಗ ಆ ವಿಳಾಸಗಳೂ ಹೋಗುತ್ತವೆ. ಡೊಮೇನ್ ನಿಮ್ಮದೇ ಆದರೆ ಎಂಎಕ್ಸ್ ದಾಖಲೆ (ಆ ಡೊಮೇನಿನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಸೆಟ್ಟಿಂಗ್) ಬದಲಾಯಿಸಿ ಬೇರೆ ಕಡೆ ಹೋಗಬಹುದು, ವಿಳಾಸಗಳು ಹಾಗೇ ಉಳಿಯುತ್ತವೆ. ಕೆಲವು ಸೈಟ್‌ಗಳು ಅಲಿಯಾಸ್ ಸೇವೆಗಳ ಡೊಮೇನ್ ಕಂಡರೆ ನೋಂದಣಿಯನ್ನೇ ಒಪ್ಪುವುದಿಲ್ಲ. ಸ್ವಂತ ಡೊಮೇನಿಗೆ ಆ ತೊಂದರೆ ನನಗೆ ಬಂದಿಲ್ಲ.

ಕಷ್ಟ ಇರುವುದು ನಾವೇ ಮೊದಲು ಮೇಲ್ ಕಳಿಸುವಾಗ. ಬಂದ ಮೇಲ್‌ಗೆ ಉತ್ತರಿಸುವುದು ಸುಲಭ, ಸುಮ್ನೆ ರಿಪ್ಲೈ ಒತ್ತಿದರೆ ಸಾಕು. ಹೊಸಬರಿಗೆ ಬರೆಯಬೇಕಾದರೆ ಮೊದಲು ಅವರ ಹೆಸರಿಗೆ ರಿವರ್ಸ್ ಅಲಿಯಾಸ್ ಮಾಡಿಕೊಳ್ಳಬೇಕು; ಆ ವಿಶೇಷ ವಿಳಾಸಕ್ಕೆ ಬರೆದರೆ ಮೇಲ್ ನಮ್ಮ ಅಲಿಯಾಸ್‌ನಿಂದ ಬಂದಂತೆ ಅವರಿಗೆ ತಲುಪುತ್ತದೆ. ಒಮ್ಮೆ ಅವಸರದಲ್ಲಿ ಇದನ್ನು ಮರೆತು ನನ್ನ ನಿಜವಾದ ವಿಳಾಸದಿಂದಲೇ ಕೊಟೇಶನ್ ಕಳಿಸಿಬಿಟ್ಟೆ. ಮೇಲ್ ಜಾಸ್ತಿ ಕಳಿಸುವ ಕೆಲಸದವರು ಇದನ್ನು ಯೋಚಿಸಿಯೇ ಸೇರಬೇಕು.

ಇನ್ನೊಂದು ಮಾತು. ಇದು ಮುಚ್ಚುವುದು ಇಮೇಲ್ ವಿಳಾಸವನ್ನು ಮಾತ್ರ. ಮೇಲ್ ಕೆಳಗಿನ ಸಹಿಯಲ್ಲಿ ಫೋನ್ ನಂಬರ್, ಮನೆ ವಿಳಾಸ ಹಾಕಿದ್ದರೆ ಏನು ಪ್ರಯೋಜನ, ಅಲ್ವಾ? ನಾನು ಅದನ್ನೂ ತೆಗೆದೆ. ಹಾಗೇ, ಪ್ರತಿ ಮೇಲ್ ಸಿಂಪಲ್‌ಲಾಗಿನ್‌ನವರ ಸರ್ವರ್ ದಾಟಿಯೇ ನಮಗೆ ಬರುತ್ತದೆ, ಅಷ್ಟು ನಂಬಿಕೆ ಇಡಲೇಬೇಕು. ಪಿಜಿಪಿ ಕೀ (ಮೇಲನ್ನು ನಾವು ಮಾತ್ರ ಓದುವಂತೆ ಬೀಗ ಹಾಕುವ ಕೀ) ಹಾಕಿದರೆ ನಮ್ಮ ಇನ್‌ಬಾಕ್ಸಿಗೆ ಬರುವ ಪ್ರತಿಯನ್ನು ಗೂಢಲಿಪಿಯಲ್ಲಿ ಕಳಿಸುತ್ತಾರೆ.

ಈ ತಿಂಗಳು ಮತ್ತೊಂದು ವರ್ಷಕ್ಕೆ ಹಣ ಕಟ್ಟಿದ್ದೇನೆ. ಬ್ಯಾಂಕಿಗೆ ಕೊಟ್ಟಿರುವ ಹಳೇ ಇಮೇಲ್ ವಿಳಾಸ ಬದಲಾಯಿಸುವುದೊಂದು ಬಾಕಿ ಇದೆ.