ಅಡ್ಮಿನಿಸ್ಟರ್, ಮ್ಯಾನೇಜ್, ಡಿಸ್ಪೆನ್ಸ್: ಯಾವುದು ಎಲ್ಲಿಗೆ?

ಇಂಗ್ಲಿಷಿನಲ್ಲಿ ವರದಿ ಬರೆಯುವಾಗ ಈ ಮೂರು ಕ್ರಿಯಾಪದಗಳಲ್ಲಿ ಯಾವುದನ್ನು ಆರಿಸಬೇಕೆಂದು ಕೇಳುವವರು, ಕೆಲಸ ಮಾಡುವವರು ಯಾರು, ಅದು ಯಾವುದರ ಮೇಲೆ ನಡೆಯುತ್ತದೆ ಎಂಬುದನ್ನು ಮೊದಲು ಗಮನಿಸುವುದು ಒಳ್ಳೆಯದು.

ಆಡಳಿತದ ಅರ್ಥದಲ್ಲಿ ಮ್ಯಾನೇಜ್ ಅತ್ಯಂತ ವಿಶಾಲವಾದುದು; ತಂಡ, ಸಮಯ, ಕೋಪ ಎಲ್ಲಕ್ಕೂ ಅದು ಸಲ್ಲುತ್ತದೆ. ಅಡ್ಮಿನಿಸ್ಟರ್ ಬಳಸುವಲ್ಲಿ ಸಾಮಾನ್ಯವಾಗಿ ಗೊತ್ತುಪಡಿಸಿದ ನಿಯಮ ಅಥವಾ ವಹಿಸಿಕೊಟ್ಟ ಅಧಿಕಾರ ಇರುತ್ತದೆ. ನಿಧಿ, ಪರೀಕ್ಷೆ, ಮೃತರ ಆಸ್ತಿ ಇವುಗಳಿಗೆ ಅದು ಹೊಂದುತ್ತದೆ. ಅಡ್ಮಿನಿಸ್ಟ್ರೇಟ್ ಎಂಬ ಉದ್ದನೆಯ ರೂಪವೂ ಈ ಅರ್ಥದಲ್ಲಿ ಉಂಟಾದರೂ ಅದರಿಂದ ಹೆಚ್ಚಿನ ಲಾಭವೇನೂ ನನಗೆ ಕಾಣದು.

ನಿಜವಾದ ತೊಡಕು ಔಷಧದ ವಿಷಯದಲ್ಲಿದೆ. ವೈದ್ಯರ ಚೀಟಿಯನ್ನು ನೋಡಿ, ಮಾತ್ರೆಗಳನ್ನು ಎಣಿಸಿ, ಪೊಟ್ಟಣದ ಮೇಲೆ ಪ್ರಮಾಣವನ್ನು ನಮೂದಿಸಿ ಕೊಡುವ ಫಾರ್ಮಸಿಸ್ಟರ ಕೆಲಸ ಡಿಸ್ಪೆನ್ಸ್. ಅದೇ ಔಷಧವನ್ನು ನರ್ಸ್ ರೋಗಿಗೆ ಚುಚ್ಚಿದರೆ ಅಥವಾ ಕುಡಿಸಿದರೆ ಅದು ಅಡ್ಮಿನಿಸ್ಟರ್. ಆಸ್ಪತ್ರೆಯ ದಾಖಲೆಯಲ್ಲಿ ಇವೆರಡು ಅದಲುಬದಲಾದರೆ, ಔಷಧವು ರೋಗಿಯ ಕೈ ಸೇರಿತೋ ದೇಹ ಸೇರಿತೋ ಎಂಬುದೇ ತಿಳಿಯದೆ ಹೋಗುತ್ತದೆ. ಕಾಯಿಲೆಯನ್ನು ಹತೋಟಿಯಲ್ಲಿಡುವ ದೀರ್ಘಕಾಲದ ಚಿಕಿತ್ಸೆಗೆ ಮಾತ್ರ ಮ್ಯಾನೇಜ್ ಸರಿ.

ಪ್ರಮಾಣವಚನ ಬೋಧಿಸುವವರಿಗೆ ಅಡ್ಮಿನಿಸ್ಟರ್ ಒಂದೇ ಹೊಂದುತ್ತದೆ. ಸ್ವೀಕರಿಸುವವರಿಗೆ ಟೇಕ್ ಎನ್ನಬೇಕು. ನ್ಯಾಯದಾನಕ್ಕೆ ಅಡ್ಮಿನಿಸ್ಟರ್, ಡಿಸ್ಪೆನ್ಸ್ ಎರಡೂ ನಡೆಯುತ್ತವೆ. ಆದರೆ ಡಿಸ್ಪೆನ್ಸ್ ಮುಂದೆ ವಿತ್ ಸೇರಿಸುವ ಮುನ್ನ ಎಚ್ಚರವಿರಲಿ: ಆಗ ಅದು ವಿತರಿಸುವುದನ್ನಲ್ಲ, ಬೇಡವೆಂದು ಕೈಬಿಡುವುದನ್ನು ಸೂಚಿಸುತ್ತದೆ.