ಒಂದೇ ಸಿನಿಮಾ, ಮೂರು ಕಡೆ: ನವರಂಗ್, ಊರ್ವಶಿ ಮತ್ತು ಮಾಲ್

ಒಂದು ಕನ್ನಡ ಸಿನಿಮಾವನ್ನು ಹತ್ತು ದಿನದಲ್ಲಿ ಮೂರು ಸಲ ನೋಡಿದೆ. ಮೊದಲು ಅಮ್ಮನ ಜೊತೆ ಬೆಂಗಳೂರಿನ ನವರಂಗ್ ಥಿಯೇಟರ್‌ನಲ್ಲಿ. ಆಮೇಲೆ ಗೆಳೆಯನ ಜೊತೆ ಊರ್ವಶಿಯಲ್ಲಿ. ಕೊನೆಗೆ ಆಫೀಸಿನವರ ಜೊತೆ ಒಂದು ಮಾಲ್‌ನ ಮಲ್ಟಿಪ್ಲೆಕ್ಸ್‌ನಲ್ಲಿ. ಬೇಕು ಅಂತ ಹೀಗೆ ಮಾಡಿದ್ದಲ್ಲ. ಆದರೆ ಎರಡನೇ ಸಲ ಕೂತಾಗ ಮನಸ್ಸು ತಾನಾಗಿಯೇ ಹೋಲಿಸತೊಡಗಿತು.

ಸಿನಿಮಾದಲ್ಲಿ ಒಂದು ಮಳೆಯ ದೃಶ್ಯ ಇದೆ. ಜಗಳ ಮಾಡಿ ಮನೆ ಬಿಟ್ಟು ಹೋದ ಮಗ ರಾತ್ರಿ ಹೊತ್ತು ನೆನೆದುಕೊಂಡು ವಾಪಸ್ ಬರುತ್ತಾನೆ. ಅಪ್ಪ ಬಾಗಿಲು ತೆಗೆಯುತ್ತಾನೆ. ಒಂದು ಮಾತೂ ಆಡದೆ ಟವೆಲ್ ಚಾಚುತ್ತಾನೆ. ಮಗ ತಗೊಳ್ಳದೆ ನಿಂತೇ ಇರುತ್ತಾನೆ. ಮೂರೂ ಕಡೆ ನಾನು ಕಾದಿದ್ದು ಆ ದೃಶ್ಯಕ್ಕೇ.

ನವರಂಗ್‌ನಿಂದ ಶುರು ಮಾಡುತ್ತೇನೆ. ನಿರ್ಮಾಪಕ ಕೆ.ಸಿ.ಎನ್. ಗೌಡರು ಕಟ್ಟಿಸಿದ ಥಿಯೇಟರ್ ಇದು. ಅರವತ್ತರ ದಶಕದಿಂದ ರಾಜಾಜಿನಗರದಲ್ಲಿದೆ. ಮೆಟ್ರೋದಲ್ಲಿ ಬಂದರೆ ಇಳಿಯುವ ಸ್ಟೇಷನ್ನಿಗೆ ಮಹಾಕವಿ ಕುವೆಂಪು ರಸ್ತೆ ಅಂತ ಹೆಸರು. ಆಟೋದವರನ್ನು ಕೇಳಿ ನೋಡಿ, ಅವರಿಗೆ ಅದು ನವರಂಗ್ ಸರ್ಕಲ್. ಸಿನಿಮಾನೇ ನೋಡದವರೂ ‘ನವರಂಗ್ ಹತ್ರ ಇಳೀತೀನಿ’ ಅನ್ನುತ್ತಾರೆ. ಒಂದು ಏರಿಯಾಕ್ಕೆ ಹೆಸರು ಕೊಡುವಷ್ಟು ಬೆರೆತುಹೋದ ಥಿಯೇಟರ್ ಬೆಂಗಳೂರಿನಲ್ಲಿ ಎಷ್ಟಿವೆ ಹೇಳಿ?

ಅಮ್ಮ ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಹೊಸತರಲ್ಲಿ ಅಪ್ಪ ಕರೆದುಕೊಂಡು ಹೋಗಿದ್ದು ಇಲ್ಲಿಗೇ. ಈ ಸಲವೂ ಆನ್‌ಲೈನ್ ಬುಕಿಂಗ್ ಬೇಡ ಅಂದಳು. ಕೌಂಟರ್‌ನಲ್ಲಿ ಕೈ ತೂರಿಸಿ ‘ಎರಡು ಬಾಲ್ಕನಿ’ ಅಂತ ತಾನೇ ಕೇಳಿ ತಗೊಂಡಳು. ಮ್ಯಾಟಿನಿ ಶೋ. ತರಕಾರಿ ಚೀಲ ಕಾಲ ಹತ್ತಿರ ಇಟ್ಟುಕೊಂಡ ಹೆಂಗಸರು, ರಿಟೈರ್ ಆದವರು, ಕಾಲೇಜಿಗೆ ಚಕ್ಕರ್ ಹಾಕಿ ಬಂದ ಹುಡುಗರು, ಎಲ್ಲರೂ ಒಂದೇ ಸೂರಿನ ಕೆಳಗೆ.

ಮಳೆಯ ದೃಶ್ಯ ಬಂತು. ಅಪ್ಪ ಟವೆಲ್ ಚಾಚಿದ. ಮಗ ಕೈ ಮುಂದೆ ಮಾಡಲಿಲ್ಲ. ಕೆಳಗೆ ಮುಂದಿನ ಸಾಲಿನಿಂದ ಒಂದು ಗಂಡಸಿನ ದನಿ ಬಂತು: ‘ತಗೊಳ್ಳೋ ಮಗಾ.’ ಕೂಗಿದ್ದಲ್ಲ, ಬೇಡಿಕೊಂಡ ಹಾಗಿತ್ತು. ಅಷ್ಟು ದೊಡ್ಡ ಹಾಲ್‌ನಲ್ಲಿ ಒಬ್ಬರೂ ನಗಲಿಲ್ಲ. ಪರದೆ ಮೇಲೆ ಮಗ ಟವೆಲ್ ತಗೊಂಡಾಗ ಇಡೀ ಥಿಯೇಟರ್ ಉಸಿರು ಬಿಟ್ಟಿದ್ದು ಕೇಳಿಸಿತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ದನಿ ಯಾರದ್ದೋ ಗೊತ್ತಿಲ್ಲ. ಆದರೆ ಈಗ ಆ ಸಿನಿಮಾ ನೆನಪಾದಾಗಲೆಲ್ಲ ಆ ಮಾತೂ ಅದರ ಡೈಲಾಗ್ ಅನ್ನುವ ಹಾಗೆಯೇ ನೆನಪಾಗುತ್ತದೆ.

ಊರ್ವಶಿಯದ್ದು ಬೇರೆ ಸುಖ. ಲಾಲ್‌ಬಾಗ್ ಹತ್ತಿರ ಸಿದ್ದಯ್ಯ ರಸ್ತೆಯಲ್ಲಿದೆ. ಎಂಟಿಆರ್‌ನಲ್ಲಿ ರವೆ ಇಡ್ಲಿ ತಿಂದು, ಕಾಫಿ ಕುಡಿದು, ನಡೆದೇ ಹೋದೆವು. ಇದೂ ಬಾಲ್ಕನಿ ಇರುವ ದೊಡ್ಡ ಸಿಂಗಲ್ ಸ್ಕ್ರೀನೇ. ಆದರೆ ಜನ ಇಲ್ಲಿಗೆ ದೂರದೂರದಿಂದ ಬರುವುದು ಡಾಲ್ಬಿ ಅಟ್ಮಾಸ್ ಸೌಂಡ್‌ಗಾಗಿ. ಮಾಮೂಲಿ ಸರೌಂಡ್‌ನಲ್ಲಿ ಶಬ್ದ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬರುತ್ತದೆ. ಅಟ್ಮಾಸ್‌ನಲ್ಲಿ ತಲೆ ಮೇಲೂ ಸ್ಪೀಕರ್ ಇರುತ್ತವೆ. ಯಾವ ಶಬ್ದ ಹಾಲ್‌ನ ಯಾವ ಜಾಗದಲ್ಲಿ ಕೇಳಬೇಕು ಅನ್ನುವುದನ್ನು ಸೌಂಡ್ ಮಿಕ್ಸ್ ಮಾಡುವವರೇ ತೀರ್ಮಾನ ಮಾಡಿರುತ್ತಾರೆ. ಹಾಗಾಗಿ ಆ ದೃಶ್ಯದಲ್ಲಿ ಮಳೆ ನಿಜವಾಗಿಯೂ ನಮ್ಮ ಮೇಲೆಯೇ ಬಿತ್ತು. ಹೆಂಚಿನ ಮೇಲೆ ಬೀಳುವ ಹನಿ ಒಂದು ಥರ, ಅಂಗಳದ ಕಲ್ಲಿನ ಮೇಲೆ ಬೀಳುವುದು ಇನ್ನೊಂದು ಥರ. ನವರಂಗ್‌ನಲ್ಲಿ ನೋಡುವಾಗ ನನ್ನ ಗಮನವೆಲ್ಲ ಮುಖಗಳ ಮೇಲಿತ್ತು. ಊರ್ವಶಿಯಲ್ಲಿ ಬಾಗಿಲ ಚಿಲಕ ತೆಗೆಯುವ ಶಬ್ದಕ್ಕೇ ಮೈ ಜುಮ್ಮೆಂದಿತು. ಗೆಳೆಯ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಕೂತಿದ್ದ.

ಮಾಲ್ ಬಗ್ಗೆ ಸುಮ್ನೆ ಬೈಯುವುದು ಸುಲಭ, ಅಲ್ವಾ? ಆದರೆ ನ್ಯಾಯವಾಗಿ ಹೇಳಬೇಕು. ಲಿಫ್ಟ್ ಇದೆ, ಗಾಡಿ ನಿಲ್ಲಿಸೋಕೆ ಜಾಗ ಇದೆ, ಟಾಯ್ಲೆಟ್ ಸ್ವಚ್ಛ. ಹೋದ ವರ್ಷ ಊರಿಂದ ಬಂದ ತಂಗಿಯನ್ನು ಬೇರೆ ಒಂದು ಹಳೇ ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಇಂಟರ್ವಲ್‌ನಲ್ಲಿ ಅಲ್ಲಿನ ಲೇಡೀಸ್ ಟಾಯ್ಲೆಟ್ ನೋಡಿ ಬಂದವಳು ‘ಅಣ್ಣಾ, ಇನ್ಮೇಲೆ ನನ್ನನ್ನ ಇಂಥ ಕಡೆ ಕರೀಬೇಡ’ ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಂಗಲ್ ಸ್ಕ್ರೀನ್ ಉಳಿಯಬೇಕು ಅನ್ನುವವರು ಮೊದಲು ಕೇಳಬೇಕಾದ್ದು ಇದನ್ನೇ.

ಆದರೂ ಮಾಲ್‌ನಲ್ಲಿ ಆ ಮಳೆ ಸಪ್ಪೆಯಾಗಿತ್ತು. ಪರದೆ, ಸೌಂಡ್ ಎಲ್ಲ ಚೆನ್ನಾಗಿಯೇ ಇದ್ದವು. ನೂರೈವತ್ತು ಸೀಟಿನ ಹಾಲ್‌ನಲ್ಲಿ ಮೂವತ್ತು ಜನ, ಅಲ್ಲೊಬ್ಬರು ಇಲ್ಲೊಬ್ಬರು. ಅಪ್ಪ ಟವೆಲ್ ಚಾಚಿದಾಗ ಎರಡು ಸಾಲು ಮುಂದೆ ಮೊಬೈಲ್ ಬೆಳಕು ಕಾಣಿಸಿತು. ಪಾಪ್‌ಕಾರ್ನ್‌ನ ಬೆಲೆ ಟಿಕೆಟ್‌ಗಿಂತ ಜಾಸ್ತಿ. ನವರಂಗ್‌ನಲ್ಲಿ ನಾವಿಬ್ಬರೂ ಸೇರಿ ಟಿಕೆಟ್‌ಗೆ, ಇಂಟರ್ವಲ್‌ನ ಈರುಳ್ಳಿ ಸಮೋಸ, ಟೀಗೆ ಕೊಟ್ಟ ದುಡ್ಡು ಇಲ್ಲಿ ನನ್ನೊಬ್ಬನಿಗೇ ಸಾಲಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗಿಂತ ಜಾಸ್ತಿ ಟಿಕೆಟ್ ಇಡುವ ಹಾಗಿಲ್ಲ ಅಂತ ನಿಯಮ ಮಾಡಿತ್ತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ತಿಂಗಳಿಗೊಂದು ಸಿನಿಮಾ ನೋಡುವ ನಾಲ್ಕು ಜನರ ಮನೆಗೆ ನವರಂಗ್‌ಗೂ ಮಾಲ್‌ಗೂ ಇರುವ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ವಿಷಯದಲ್ಲೂ ಮಲ್ಟಿಪ್ಲೆಕ್ಸ್ ಮುಂದಿದೆ. ನಮ್ಮಲ್ಲಿ ಸಿಂಗಲ್ ಸ್ಕ್ರೀನ್‌ಗಳು ಬಹಳ ಕಾಲದಿಂದ ವಾರಕ್ಕಿಷ್ಟು ಬಾಡಿಗೆ ಅಂತ ತಗೊಳ್ಳುತ್ತಾ ಬಂದಿವೆ. ಮಲ್ಟಿಪ್ಲೆಕ್ಸ್‌ನಲ್ಲಿ ಬಂದ ಕಲೆಕ್ಷನ್‌ನಲ್ಲಿ ಪಾಲು. ಬಾಡಿಗೆ ಲೆಕ್ಕದಲ್ಲಿ ಸೀಟು ಖಾಲಿ ಬಿದ್ದರೆ ಏಟು ನಿರ್ಮಾಪಕರಿಗೆ. ಸಣ್ಣ ಸಿನಿಮಾದವರು ಸಾವಿರ ಸೀಟಿನ ಥಿಯೇಟರಿಗೆ ಬಾಡಿಗೆ ಕಟ್ಟಿ ಎರಡನೇ ವಾರ ತಡೆಯೋದು ಕಷ್ಟ. ಅಂಥ ಸಿನಿಮಾ ನೂರು ಸೀಟಿನ ಹಾಲ್‌ನಲ್ಲಿ, ದಿನಕ್ಕೆ ಒಂದೇ ಶೋ ಆದರೂ, ಇನ್ನೂ ಸ್ವಲ್ಪ ದಿನ ಉಸಿರಾಡುತ್ತದೆ. ಹೊಸಬರ ಎಷ್ಟೋ ಒಳ್ಳೆಯ ಸಿನಿಮಾಗಳನ್ನು ನಾನು ನೋಡಿದ್ದು ಹಾಗೆಯೇ.

ನನ್ನನ್ನು ಕೇಳಿದರೆ, ಸೌಂಡ್‌ಗೆ ಜೀವ ತೇಯ್ದು ಮಾಡಿದ ಸಿನಿಮಾ ಬಂದರೆ ಊರ್ವಶಿಗೆ ಹೋಗಿ, ಸ್ವಲ್ಪ ದೂರವಾದರೂ ಪರವಾಗಿಲ್ಲ. ಹೊಸಬರ ಸಣ್ಣ ಸಿನಿಮಾ ಆದರೆ ಎಲ್ಲಿ ಶೋ ಇದೆಯೋ ಅಲ್ಲಿಗೇ, ಮೊದಲ ವಾರವೇ. ನಗೋದು, ಅಳೋದು, ಶಿಳ್ಳೆ ಹೊಡೆಯೋದು ಇರುವ ಸಿನಿಮಾ ಆದರೆ ನಿಮ್ಮ ಏರಿಯಾದ ಥಿಯೇಟರ್. ನಮಗೆ ಅದು ನವರಂಗ್.

ಮುಂದಕ್ಕೆ ಹಾಕಬೇಡಿ. ಎಂ.ಜಿ. ರಸ್ತೆಯ ಪ್ಲಾಜಾ ಥಿಯೇಟರ್ ಇದ್ದ ಜಾಗದಲ್ಲಿ ಈಗ ಮೆಟ್ರೋ ಸ್ಟೇಷನ್ ಇದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯಲ್ಲಿ ಮುಚ್ಚಿತು. 1974ರಲ್ಲಿ ಶುರುವಾದ ಕಾವೇರಿ 50 ವರ್ಷ ನಡೆದು 2024ರಲ್ಲಿ ನಿಂತಿತು. ಕಾವೇರಿಗೆ ‘ಹೋದರಾಯಿತು, ಹೋದರಾಯಿತು’ ಅಂತ ಎರಡು ವರ್ಷ ಅಂದುಕೊಂಡೇ ಇದ್ದೆ. ಹೋಗಲೇ ಇಲ್ಲ.

ಈ ಶುಕ್ರವಾರ ಇನ್ನೊಂದು ಹೊಸ ಸಿನಿಮಾ ಬರುತ್ತಿದೆ. ಅಮ್ಮ ಆಗಲೇ ಪೇಪರ್‌ನಲ್ಲಿ ನವರಂಗ್ ಹೆಸರು ಇದೆಯಾ ಅಂತ ಕನ್ನಡಕ ಹಾಕಿಕೊಂಡು ಹುಡುಕುತ್ತಿದ್ದಾಳೆ.