ಕ್ಯಾನ್ ಮೇಲಿನ ‘ಮೈನಸ್ 50’: ಗುಲಾಬಿ ಆಂಟಿಫ್ರೀಜ್ ಎಷ್ಟರಮಟ್ಟಿಗೆ ಕಾಯುತ್ತದೆ?

ಕ್ಯಾರವಾನ್, ಮೋಟರ್‌ಹೋಮ್‌ನಂಥ ಮನೆಗಾಡಿಗಳನ್ನು ಚಳಿಗಾಲಕ್ಕೆ ನಿಲ್ಲಿಸುವ ಮುಂಚೆ ನೀರಿನ ಪೈಪುಗಳಿಗೆ ತುಂಬುವ ಗುಲಾಬಿ ಬಣ್ಣದ ಆಂಟಿಫ್ರೀಜ್ (ಹೆಪ್ಪುಗಟ್ಟಿ ಪೈಪು ಒಡೆಯದಂತೆ ಕಾಯುವ ದ್ರವ) ಒಳ್ಳೆಯ ಸರಕೇ. ಎಡವಟ್ಟಾಗುವುದು ಕ್ಯಾನಿನ ಮೇಲಿನ ‘ಮೈನಸ್ 50’ ಓದಿಕೊಳ್ಳುವಲ್ಲಿ. ಅದು ಫ್ಯಾರನ್‌ಹೀಟ್, ಅಂದರೆ ಮೈನಸ್ 46 ಸೆಲ್ಸಿಯಸ್. ಅದೂ ಹೆಪ್ಪುಗಟ್ಟುವ ಉಷ್ಣಾಂಶವಲ್ಲ, ಪೈಪು ಒಡೆಯದೆ ಉಳಿಯುವ ಮಿತಿ. ಮೈನಸ್ 11 ಸೆಲ್ಸಿಯಸ್ ಆಸುಪಾಸಿನಲ್ಲೇ ದ್ರವ ಗಂಜಿಯ ಹಾಗೆ ಮಂದವಾಗತೊಡಗುತ್ತದೆ. ಮಂದವಾದರೂ ಜರುಗಲು ಜಾಗವಿದ್ದರೆ ಪೈಪಿಗೆ ಅಪಾಯವಿಲ್ಲ, ಆದರೆ ಆ ಹೊತ್ತಿನಲ್ಲಿ ಪಂಪ್ ಹಾಕಬಾರದು.

ಈ ಲೆಕ್ಕವೆಲ್ಲ ನೀರು ಬೆರೆಸದ ದ್ರವಕ್ಕೆ ಮಾತ್ರ. ಆದ್ದರಿಂದ ಮೊದಲು ಟ್ಯಾಂಕು, ಪೈಪುಗಳನ್ನು ಪೂರ್ತಿ ಬಸಿಯಿರಿ. ವಾಟರ್ ಹೀಟರನ್ನು ಆರಿಸಿ, ತಣ್ಣಗಾದ ಮೇಲೆ ಬಸಿದು, ದ್ರವ ಹೀಟರಿನೊಳಗೆ ಹೋಗದೆ ಬದಿಯಿಂದ ಸಾಗುವಂತೆ ಬೈಪಾಸ್ ವಾಲ್ವ್ ತಿರುಗಿಸಿ. ಇದನ್ನು ಮರೆತರೆ 6 ಗ್ಯಾಲನ್ ಹೀಟರ್ ಒಂದೇ ಸುಮಾರು 23 ಲೀಟರ್ ನುಂಗಿಬಿಡುತ್ತದೆ. ಬೈಪಾಸ್ ಇದ್ದರೆ ಸಾಧಾರಣ ಗಾಡಿಗೆ 8ರಿಂದ 11 ಲೀಟರ್ ಸಾಕು. ಪಂಪಿನ ಹೀರುಪೈಪನ್ನು ಕ್ಯಾನಿಗೆ ಇಳಿಸಿ, ನಲ್ಲಿಗಳನ್ನು ಒಂದೊಂದಾಗಿ, ಬಿಸಿ ತಣ್ಣೀರು ಎರಡೂ ಕಡೆ ತೆರೆಯಿರಿ. ತಿಳಿಗುಲಾಬಿ ಬಂತೆಂದು ಮುಚ್ಚಿಬಿಡಬೇಡಿ: ಅದಿನ್ನೂ ನೀರು ಬೆರೆತದ್ದು. ಕ್ಯಾನಿನಲ್ಲಿರುವಷ್ಟೇ ಗಾಢ ಬಣ್ಣ ಬರಬೇಕು. ಸಾಮಾನ್ಯವಾಗಿ ತಪ್ಪಿಹೋಗುವುದು ಹೊರಗಿನ ಶವರ್ ಮತ್ತು ಟಾಯ್ಲೆಟ್ ಫ್ಲಶ್; ವಸಂತದಲ್ಲಿ ಸೋರುವುದೂ ಬಹುತೇಕ ಅಲ್ಲೇ. ಸಿಂಕಿನ ಕೆಳಗಿನ ಬಾಗುಪೈಪುಗಳಿಗೆ ಒಂದೊಂದು ಲೋಟ ಸುರಿಯಿರಿ.

ಕೊಳ್ಳುವಾಗ ಬಣ್ಣ ನೋಡಿ ಮೋಸಹೋಗಬೇಡಿ, ಹಿಂಬದಿಯ ಸಣ್ಣಕ್ಷರ ಓದಿ. ಪ್ರೊಪಿಲೀನ್ ಗ್ಲೈಕಾಲ್ ಮಾತ್ರ ಇರುವುದಕ್ಕೆ ನಾಲ್ಕು ಕಾಸು ಹೆಚ್ಚಾದರೂ ಅದೇ ವಾಸಿ. ಎಥನಾಲ್ ಬೆರೆತದ್ದು ಅಗ್ಗ, ಆದರೆ ಬೆಂಕಿಗೆ ಹತ್ತಿಕೊಳ್ಳಬಲ್ಲದು, ರಬ್ಬರ್ ವಾಶರುಗಳನ್ನು ಒಣಗಿಸುತ್ತದೆ, ವಾಸನೆ ಪೈಪಿನಿಂದ ಬೇಗ ಹೋಗುವುದಿಲ್ಲ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಕುಡಿಯುವ ನೀರಿನ ಪೈಪಿಗೆ ಅದನ್ನು ತೋರಿಸಲೂ ಬೇಡಿ.

ದೋಣಿಯ ಇನ್‌ಬೋರ್ಡ್ (ಒಡಲೊಳಗೆ ಕೂರಿಸಿದ) ಎಂಜಿನಿಗೆ ಈ ಕ್ಯಾನನ್ನು ನಾವು ಶಿಫಾರಸು ಮಾಡುವುದಿಲ್ಲ. ಎಂಜಿನಿನ ಮುಖ್ಯ ಭಾಗವಾದ ಬ್ಲಾಕಿನೊಳಗೆ ಉಳಿದ ನೀರು ಬೆರೆತರೆ ಇದರ ಬಲ ಕುಂದುತ್ತದೆ. ಅಲ್ಲಿಗೆ ತುಕ್ಕುನಿರೋಧಕವಿರುವ, ‘ಮೈನಸ್ 100’ ಎಂದು ಬರೆದ ಆಂಟಿಫ್ರೀಜ್ ಬೇಕು. ಅದನ್ನೂ ಬ್ಲಾಕ್ ಮತ್ತು ಮ್ಯಾನಿಫೋಲ್ಡಿನ (ಹೊಗೆ ಸಾಗುವ ಕವಲುಕೊಳವೆ) ಡ್ರೇನ್ ಪ್ಲಗ್ ಬಿಚ್ಚಿ ಬಸಿದ ಮೇಲೆಯೇ ಹಾಕಬೇಕು. ಪ್ಲಗ್ ಬಿಚ್ಚಿಯೂ ನೀರು ಬಾರದಿದ್ದರೆ ಖಾಲಿಯಾಗಿದೆ ಎಂದುಕೊಳ್ಳಬೇಡಿ, ತೂತಿನಲ್ಲಿ ತುಕ್ಕು, ಮರಳು ಕಟ್ಟಿರುತ್ತದೆ. ತಂತಿಯಿಂದ ಚುಚ್ಚಿ ನೋಡಿ. ತಣ್ಣನೆಯ ಎಂಜಿನಿನಲ್ಲಿ, ಬಿಸಿಯಾದಾಗಷ್ಟೇ ತೆರೆಯುವ ಥರ್ಮೋಸ್ಟಾಟ್ ಮುಚ್ಚಿಯೇ ಇರುವುದರಿಂದ, ಸೈಲೆನ್ಸರಿನಿಂದ ಗುಲಾಬಿ ಬಂದರೂ ಬ್ಲಾಕಿನೊಳಗೆ ಹನಿಯೂ ಹೋಗಿರಲಿಕ್ಕಿಲ್ಲ.